ತಪ್ಪು ಮೊಬೈಲಿಗೆ ಹೋದ ವರದಿ: ಆಸ್ಪತ್ರೆಯಲ್ಲಿ ರೋಗಿಯ ಗುಟ್ಟು ಕಾಯುವ ಬಗೆ

ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ, ವೈದ್ಯಕೀಯ ದಾಖಲೆಗಳ ವಿಭಾಗದಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ನಡೆದ ಒಂದು ಪ್ರಸಂಗವನ್ನು, ಯಾರ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿ, ಮೊದಲಿಗೆ ಹೇಳುತ್ತೇನೆ. ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಹೊಟ್ಟೆನೋವೆಂದು ಒಬ್ಬಳೇ ಓಪಿಡಿಗೆ ಬಂದಳು. ವೈದ್ಯೆ ಬರೆದುಕೊಟ್ಟ ಪರೀಕ್ಷೆಗಳಲ್ಲಿ ಗರ್ಭಪರೀಕ್ಷೆಯೂ ಒಂದಾಗಿತ್ತು. ಆ ವಯಸ್ಸಿನ ಹೆಣ್ಣುಮಕ್ಕಳು ಹೊಟ್ಟೆನೋವೆಂದು ಬಂದಾಗ ಕಾರಣ ಹುಡುಕುವ ಮೊದಲ ಹೆಜ್ಜೆಯಾಗಿ ಅದನ್ನು ಮಾಡಿಸುವುದು ವಾಡಿಕೆ, ಅದರಲ್ಲಿ ಯಾರ ನಡತೆಯ ಮೇಲೂ ಅನುಮಾನವಿಲ್ಲ. ವರದಿ ಸಿದ್ಧವಾದ ಕೂಡಲೇ ಲ್ಯಾಬಿನ ಕಂಪ್ಯೂಟರ್ ಅದನ್ನು ನೋಂದಣಿಯಲ್ಲಿದ್ದ ಮೊಬೈಲ್ ಸಂಖ್ಯೆಗೆ ತಾನಾಗಿಯೇ ಕಳುಹಿಸಿತು. ಆ ಸಂಖ್ಯೆ ಅವಳದಾಗಿರಲಿಲ್ಲ; ಐದಾರು ವರ್ಷಗಳ ಹಿಂದೆ ಜ್ವರಕ್ಕೆಂದು ಅಪ್ಪ ಕರೆತಂದಿದ್ದಾಗ ಕೌಂಟರಿನಲ್ಲಿ ಬರೆಸಿದ್ದ ಅಪ್ಪನ ಸಂಖ್ಯೆ. ಫಲಿತಾಂಶ ನೆಗೆಟಿವ್ ಎಂದೇ ಇತ್ತು. ಆದರೆ ಮಗಳಿಗೆ ಅಂಥದೊಂದು ಪರೀಕ್ಷೆ ನಡೆದಿದೆ ಎಂಬುದಷ್ಟೇ ಆ ಮನೆಗೆ ಸಾಕಾಯಿತು. ಮುಂದಿನ ವಾರದಿಂದ ಅವಳು ಕಾಲೇಜಿಗೆ ಹೋಗಲಿಲ್ಲ.

ಈ ಪ್ರಸಂಗದಲ್ಲಿ ಕಳ್ಳರಿಲ್ಲ, ಕೆಟ್ಟ ಉದ್ದೇಶದವರೂ ಇಲ್ಲ. ರೋಗಿಗಳ ಮಾಹಿತಿ ಸೋರುವುದೆಂದರೆ ಹೆಚ್ಚಿನವರಿಗೆ ನೆನಪಾಗುವುದು 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ನಡೆದ ದಾಳಿ. ಅದರ ನಂತರ ಎರಡು ವಾರದಷ್ಟು ಕಾಲ ಅಲ್ಲಿ ನೋಂದಣಿಯಿಂದ ಹಿಡಿದು ವರದಿಯವರೆಗೆ ಎಲ್ಲವೂ ಕೈಬರಹದಲ್ಲಿ ನಡೆಯಬೇಕಾಯಿತು. ಅಂಥ ದಾಳಿಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ನಾನು ಕಣ್ಣಾರೆ ಕಂಡ ಸೋರಿಕೆಗಳೆಲ್ಲ ದಿನನಿತ್ಯದ ಕೆಲಸದ ನಡುವೆ, ಅವಸರದಲ್ಲಿ, ಒಳ್ಳೆಯ ಮನಸ್ಸಿನವರ ಕೈಯಿಂದಲೇ ಆದವು. ಅವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಬಹುದು, ಪೂರ್ತಿ ಇಲ್ಲವಾಗಿಸಲು ಬಾರದು. ಹಾಗಾಗಿ ಒಂದು ಆಸ್ಪತ್ರೆಯನ್ನು ನಂಬಬಹುದೇ ಎಂಬುದನ್ನು ನಾನು ಅಳೆಯುವುದು, ಅಂಥ ತಪ್ಪು ನಡೆದ ಮೊದಲ ಒಂದು ಗಂಟೆಯಲ್ಲಿ ಅಲ್ಲಿನವರು ಏನು ಮಾಡುತ್ತಾರೆ ಎಂಬುದರ ಮೇಲೆ.

ಗುಟ್ಟು ಯಾರದು

ಇಲ್ಲಿ ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳಬೇಕು. ಪರೀಕ್ಷೆ ಮಾಡುವಾಗ ಪರದೆ ಎಳೆಯುವುದು, ಹೆಣ್ಣುಮಕ್ಕಳನ್ನು ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರುವಂತೆ ನೋಡಿಕೊಳ್ಳುವುದು, ಸಂಬಂಧವಿಲ್ಲದವರನ್ನು ಕೋಣೆಯಿಂದ ಹೊರಗೆ ಕಳುಹಿಸುವುದು, ಇವು ಖಾಸಗಿತನಕ್ಕೆ ಸೇರಿದವು. ರೋಗಿ ನಂಬಿ ಹೇಳಿದ ಮಾತನ್ನೂ, ಪರೀಕ್ಷೆಯಿಂದ ತಿಳಿದ ಸಂಗತಿಯನ್ನೂ, ಆ ರೋಗಿಯ ಚಿಕಿತ್ಸೆಗೆ ಬೇಕಾದವರ ಆಚೆಗೆ ದಾಟಿಸದಿರುವುದು ಗೌಪ್ಯತೆ. ಪರದೆ ಎಳೆದು, ಆ ಪರದೆಯ ಒಳಗಿನಿಂದಲೇ ವಾರ್ಡಿಗೆಲ್ಲ ಕೇಳುವಂತೆ ರೋಗಿಯ ಇತಿಹಾಸ ಕೇಳಿದರೆ ಖಾಸಗಿತನ ಉಳಿದು ಗೌಪ್ಯತೆ ಹೋಯಿತೆಂದೇ ಅರ್ಥ.

ಈ ಕಟ್ಟುಪಾಡು ನಮಗೆ ಹೊಸದಲ್ಲ. ಚರಕ ಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ, ವೈದ್ಯನಾಗಲು ಹೊರಟ ಶಿಷ್ಯನಿಗೆ ಗುರು ವಿಧಿಸುವ ನಿಯಮಗಳ ನಡುವೆ, ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಬಿಡಬಾರದು ಎಂಬ ಮಾತಿದೆ. ಆಧುನಿಕ ವೈದ್ಯರಿಗೆ ಇದನ್ನೇ ವಿಧಿಸುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳು. ವೃತ್ತಿಯಲ್ಲಿ ತಿಳಿದುಬಂದ ರೋಗಿಯ ಗುಟ್ಟನ್ನು ಮೂರು ಸಂದರ್ಭಗಳಲ್ಲಿ ಮಾತ್ರ ಹೊರಗೆ ಹೇಳಬಹುದು ಎನ್ನುತ್ತವೆ ಅವು: ನ್ಯಾಯಾಲಯದಲ್ಲಿ ನ್ಯಾಯಾಧೀಶರು ಆಜ್ಞೆ ಮಾಡಿದಾಗ, ಗುರುತಿಸಬಹುದಾದ ಒಬ್ಬ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯವಿರುವಾಗ, ಮತ್ತು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ವಿಷಯದಲ್ಲಿ. ಇದರ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಸಂವಿಧಾನ ಕೊಟ್ಟ ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ನೆನಪಿನಲ್ಲಿಡಬೇಕಾದ ಸಂಗತಿ.

ಈ ನಿಯಮಗಳಲ್ಲೆಲ್ಲ ಗುಟ್ಟಿನ ಒಡೆತನ ರೋಗಿಯದು. ನಮ್ಮ ಮನೆಗಳಲ್ಲಿ ಮಾತ್ರ ಅದು ಅಷ್ಟು ಸರಳವಲ್ಲ. ಆಸ್ಪತ್ರೆಗೆ ರೋಗಿ ಒಬ್ಬರೇ ಬರುವುದು ಅಪರೂಪ. ಮಗ, ಸೊಸೆ, ಅಳಿಯ, ಊರಿನ ಹಿರಿಯರು, ಕೆಲವೊಮ್ಮೆ ಪಕ್ಕದ ಮನೆಯವರು ಕೂಡ ಜೊತೆಯಲ್ಲಿರುತ್ತಾರೆ. ಅನೇಕ ಸಲ ಹಣ ಕಟ್ಟುವವರು, ರಾತ್ರಿಯೆಲ್ಲ ಕಾಯುವವರು ಅವರೇ. ಅವರಲ್ಲೊಬ್ಬರು ಹಿಂದೆಯೇ ಬಂದು, 'ಡಾಕ್ಟ್ರೇ, ನಮ್ಮ ತಂದೆಯವರಿಗೆ ಏನೂ ಹೇಳಬೇಡಿ, ಏನಿದ್ದರೂ ನನಗೆ ಹೇಳಿ' ಎನ್ನುತ್ತಾರೆ. ಪ್ರೀತಿಯಿಂದಲೇ ಬಂದ ಮಾತದು, ಅದನ್ನು ಒರಟಾಗಿ ತಳ್ಳಿಹಾಕುವುದು ಸಲ್ಲದು. ಆದರೆ ಹಾಗೆ ನಡೆದುಕೊಂಡಾಗ ಕ್ಯಾನ್ಸರ್ ಬಂದ ತಂದೆಗೆ ತನ್ನ ಕಾಯಿಲೆಯ ಹೆಸರು ಎಲ್ಲರಿಗಿಂತ ಕೊನೆಯಲ್ಲಿ ತಿಳಿಯುತ್ತದೆ. ಅಷ್ಟರಲ್ಲಿ ಜಮೀನಿನ ಮಾತು, ಮಗಳ ಮದುವೆಯ ಮಾತು ಅವರ ಬೆನ್ನ ಹಿಂದೆ ಶುರುವಾಗಿರುತ್ತದೆ.

ಇದಕ್ಕೆ ನಾನು ಕಂಡ ಒಳ್ಳೆಯ ದಾರಿ ದಾಖಲು ಮಾಡಿಕೊಳ್ಳುವ ಹೊತ್ತಿನ ಒಂದು ಪ್ರಶ್ನೆ. ರೋಗಿ ಎಚ್ಚರವಾಗಿದ್ದಾಗ, ಜೊತೆಯವರು ಬಿಲ್ಲಿಂಗ್ ಕೌಂಟರಿನಲ್ಲಿರುವ ಸಮಯ ನೋಡಿ, 'ನಿಮ್ಮ ಕಾಯಿಲೆಯ ವಿಷಯ ಯಾರ ಹತ್ತಿರ ಮಾತನಾಡಬಹುದು? ಯಾರಿಗೆ ಹೇಳುವುದು ಬೇಡ?' ಎಂದು ಸಿಸ್ಟರ್ ಕೇಳುತ್ತಾರೆ. ಉತ್ತರವನ್ನು ಕೇಸ್ ಶೀಟಿನ ಮೊದಲ ಪುಟದಲ್ಲಿ ಹೆಸರು ಮತ್ತು ಸಂಬಂಧ ಸಮೇತ ಬರೆದು ರೋಗಿಯ ಸಹಿ ಅಥವಾ ಹೆಬ್ಬೆಟ್ಟು ಪಡೆಯುತ್ತಾರೆ. 'ನನ್ನ ಮಗನಿಗೆ ಎಲ್ಲ ಹೇಳಿ, ಅಳಿಯನಿಗೆ ಬೇಡ' ಎಂದ ಅಜ್ಜಿಯರನ್ನೂ, 'ಗಂಡನಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ' ಎಂದ ಹೆಂಗಸರನ್ನೂ ನಾನು ನೋಡಿದ್ದೇನೆ. ಕೇಳಿದರೆ ಜನ ಸ್ಪಷ್ಟವಾಗಿಯೇ ಹೇಳುತ್ತಾರೆ. ನಾವು ಕೇಳುವುದಿಲ್ಲ ಅಷ್ಟೆ. ಆ ಒಂದು ಸಾಲು ಬರೆದಿದ್ದರೆ ಮುಂದೆ ಬರುವ ಡ್ಯೂಟಿ ಡಾಕ್ಟರಿಗೂ, ರಾತ್ರಿ ಪಾಳಿಯ ನರ್ಸಿಗೂ ಊಹೆ ಮಾಡುವ ಕಷ್ಟ ತಪ್ಪುತ್ತದೆ.

ಸೋರುವ ಜಾಗಗಳು

ಮೊದಲನೆಯದು ದನಿ. ಟೋಕನ್ ಸಂಖ್ಯೆ ಕೂಗುವ ಬದಲು ಹೆಸರಿನ ಜೊತೆ ವಿಭಾಗದ ಹೆಸರನ್ನೂ ಸೇರಿಸಿ ಕೂಗಿದರೆ, ಯಾರು ಮನೋವೈದ್ಯರನ್ನು ನೋಡಲು ಬಂದಿದ್ದಾರೆ, ಯಾರು ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗಕ್ಕೆ ಬಂದಿದ್ದಾರೆ ಎಂಬುದು ಬೆಂಚಿನ ಮೇಲೆ ಕುಳಿತ ನಲವತ್ತು ಮಂದಿಗೆ ತಿಳಿಯುತ್ತದೆ. ಸಣ್ಣ ಊರಿನಲ್ಲಿ ಆ ನಲವತ್ತು ಮಂದಿಯಲ್ಲಿ ನಾಲ್ವರಾದರೂ ಪರಿಚಯದವರಿರುತ್ತಾರೆ. ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ, ರೌಂಡ್ಸ್ ಮುಗಿಸಿ ನಡೆಯುವ ವೆರಾಂಡದಲ್ಲಿ ವೈದ್ಯರೂ ವಿದ್ಯಾರ್ಥಿಗಳೂ ಆಡುವ ಮಾತು ಇದೇ ಜಾತಿಯದು.

ಎರಡನೆಯದು ಗುರುತು. ಹಾಸಿಗೆಯ ತಲೆಯ ಬಳಿ ತೂಗುಹಾಕಿದ ಫಲಕದಲ್ಲಿ ರೋಗದ ಹೆಸರು ಬರೆಯುವುದು, ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಎಚ್‌ಐವಿ ಎಂದು ಗೀಚುವುದು, ಆ ರೋಗಿಯ ಹಾಸಿಗೆಗೆ ಬೇರೆ ಬಣ್ಣದ ಪಟ್ಟಿ ಅಂಟಿಸುವುದು ಇವೆಲ್ಲ ಸಿಬ್ಬಂದಿಯ ಸುರಕ್ಷತೆಗೆಂದು ಮಾಡುವ ಕೆಲಸಗಳೆನ್ನುತ್ತಾರೆ. ಪ್ರತಿಯೊಬ್ಬ ರೋಗಿಯ ರಕ್ತವನ್ನೂ ಸೋಂಕಿರಬಹುದಾದ ರಕ್ತವೆಂದೇ ಎಣಿಸಿ ಗ್ಲೌಸ್ ಹಾಕಿ ಕೆಲಸ ಮಾಡುವುದು ಸುರಕ್ಷತೆಯ ನಿಜವಾದ ನಿಯಮ. ಅದನ್ನು ಪಾಲಿಸುವ ವಾರ್ಡಿನಲ್ಲಿ ಕೆಂಪು ಶಾಯಿಗೆ ಕೆಲಸವಿಲ್ಲ. ಪಾಲಿಸದ ವಾರ್ಡಿನಲ್ಲಿ ಆ ಶಾಯಿ ಯಾರನ್ನೂ ಕಾಯುವುದಿಲ್ಲ, ಏಕೆಂದರೆ ಪರೀಕ್ಷೆಯೇ ಆಗದ ರೋಗಿಯ ಮೇಲೆ ಯಾವ ಗುರುತೂ ಇರುವುದಿಲ್ಲ.

ಹೆಸರು ಬರೆಯದಿದ್ದರೆ ಸಾಕು, ಗುರುತು ಮುಚ್ಚಿತು ಎಂಬ ನಂಬಿಕೆ ಎಷ್ಟು ದುರ್ಬಲವೆಂದು 2020ರಲ್ಲಿ ಕರ್ನಾಟಕವೆಲ್ಲ ಕಂಡಿತು. ಕೋವಿಡ್ ಬಂದವರಿಗೆ ಆರೋಗ್ಯ ಇಲಾಖೆಯ ಪ್ರಕಟಣೆಗಳಲ್ಲಿ ಹೆಸರಿರಲಿಲ್ಲ, ಪಿ-ಸಂಖ್ಯೆಯಿತ್ತು. ಆದರೆ ಸಂಖ್ಯೆಯ ಪಕ್ಕದಲ್ಲೇ ವಯಸ್ಸು, ಗಂಡೋ ಹೆಣ್ಣೋ, ಊರು, ಯಾವ ಪಿ-ಸಂಖ್ಯೆಯವರ ಸಂಪರ್ಕ ಎಂಬುದೆಲ್ಲ ಇರುತ್ತಿತ್ತು. ದೊಡ್ಡ ನಗರದಲ್ಲಿ ಅಷ್ಟರಿಂದ ಯಾರೆಂದು ಹೇಳಲಾಗದು. ಹೊರಗಿನಿಂದ ಆ ವಾರ ಮರಳಿದ ಐವತ್ತೆರಡರ ಗಂಡಸು ಒಬ್ಬನೇ ಇರುವ ಹಳ್ಳಿಯಲ್ಲಿ ಹೆಸರಿನ ಅಗತ್ಯವೇ ಇಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳ ಪಟ್ಟಿಯೂ ಅಂತರ್ಜಾಲದಲ್ಲಿ ಹೊರಬಂತು. ಸೋಂಕಿತರ ಮನೆಗಳ ಮುಂದೆ ಭಿತ್ತಿಪತ್ರ ಅಂಟಿಸುವುದರ ಬಗ್ಗೆ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಧಿಕಾರವುಳ್ಳವರು ನಿರ್ದಿಷ್ಟವಾಗಿ ಆದೇಶಿಸದ ಹೊರತು ಹಾಗೆ ಅಂಟಿಸುವಂತಿಲ್ಲ ಎಂದಿತು. ವೈದ್ಯಕೀಯ ಲೇಖನಕ್ಕೋ ತರಗತಿಗೋ ರೋಗಿಯ ವಿವರ ಬಳಸುವವರು ಈ ಪಾಠವನ್ನು ಮರೆಯಬಾರದು: ವಯಸ್ಸು, ಊರು, ಕಸುಬು, ಅಪರೂಪದ ಕಾಯಿಲೆ, ಈ ನಾಲ್ಕು ಒಟ್ಟಿಗೆ ಕೂಡಿದರೆ ಅದು ಹೆಸರೇ.

ಕಾಗದದ ಬಗ್ಗೆ ನನಗೆ ಹೇಳಲು ಹೆಚ್ಚಿದೆ, ಏಕೆಂದರೆ ನನ್ನ ಆಯುಷ್ಯದ ಬಹುಪಾಲು ಕಾಗದದ ನಡುವೆಯೇ ಕಳೆದಿದೆ. ಒಂದು ಸಂಜೆ ಬಸ್ ನಿಲ್ದಾಣದ ಬಳಿ ಕೊಂಡ ಕಡಲೆಕಾಯಿಯ ಪೊಟ್ಟಣವನ್ನು ಬಿಚ್ಚಿದರೆ ಅದು ಯಾರದೋ ರಕ್ತ ಪರೀಕ್ಷೆಯ ವರದಿಯ ಅರ್ಧ ಹಾಳೆಯಾಗಿತ್ತು. ಹೆಸರು, ವಯಸ್ಸು, ಸಕ್ಕರೆಯ ಪ್ರಮಾಣ ಎಲ್ಲ ಓದುವಂತಿದ್ದವು. ಯಾರೂ ಮಾರಬೇಕೆಂದು ಮಾರಿದ್ದಲ್ಲ. ಎರಡನೆಯ ಪ್ರತಿ ಮುದ್ರಿಸಿ ಬಳಸದೆ ಉಳಿದದ್ದು ರದ್ದಿಯ ಚೀಲಕ್ಕೆ ಸೇರಿ, ಚೀಲ ಗುಜರಿಗೆ ಹೋಗಿ, ಅಲ್ಲಿಂದ ಗಾಡಿಗೆ ಬಂದಿತ್ತು. ಅಂದಿನಿಂದ ನಮ್ಮ ವಿಭಾಗದಲ್ಲಿ ರೋಗಿಯ ಹೆಸರಿರುವ ಯಾವ ಹಾಳೆಯನ್ನೂ ಚೂರು ಮಾಡುವ ಯಂತ್ರಕ್ಕೆ ಹಾಕದೆ ಹೊರಗೆ ಬಿಡಲಿಲ್ಲ, ಹಳೆಯ ವರದಿಯ ಹಿಂಬದಿಯನ್ನು ಚೀಟಿ ಬರೆಯಲು ಬಳಸುವ ಅಭ್ಯಾಸವನ್ನೂ ನಿಲ್ಲಿಸಿದೆವು. ಒಂದೇ ಹೆಸರಿನ ಇಬ್ಬರು ರೋಗಿಗಳ ಡಿಸ್ಚಾರ್ಜ್ ಸಮ್ಮರಿ ಅದಲುಬದಲಾಗುವುದು ಕಾಗದದ ಇನ್ನೊಂದು ಅಪಾಯ. ಒಂದೇ ವಾರ್ಡಿನಲ್ಲಿ ಮೂವರು ಮಂಜುನಾಥರಿರುವುದು ನಮ್ಮಲ್ಲಿ ವಿಶೇಷವೇನಲ್ಲ. ಕೊಡುವ ಮುನ್ನ ಹೆಸರಿನ ಜೊತೆಗೆ ಆಸ್ಪತ್ರೆ ಸಂಖ್ಯೆಯನ್ನೋ ತಂದೆಯ ಅಥವಾ ಗಂಡನ ಹೆಸರನ್ನೋ ಹೋಲಿಸಿ ನೋಡಬೇಕು. 'ನೀವು ಮಂಜುನಾಥ ಅಲ್ವಾ?' ಎಂದು ಕೇಳಬಾರದು. 'ನಿಮ್ಮ ಪೂರ್ತಿ ಹೆಸರು, ಊರು ಹೇಳಿ' ಎಂದು ಕೇಳಿ ಅವರ ಬಾಯಿಂದಲೇ ಬರಿಸಬೇಕು.

ವಾಟ್ಸ್ಆ್ಯಪ್ ಈಗ ವಾರ್ಡಿನ ನರನಾಡಿಯಾಗಿದೆ. ರಾತ್ರಿ ಎರಡು ಗಂಟೆಗೆ ಇಸಿಜಿಯ ಫೋಟೊವನ್ನು ಹೃದ್ರೋಗ ತಜ್ಞರಿಗೆ ಕಳುಹಿಸಿ ಜೀವ ಉಳಿಸಿದ ಉದಾಹರಣೆಗಳಿರುವಾಗ ಅದನ್ನು ಪೂರ್ತಿ ನಿಷೇಧಿಸಿ ಎನ್ನುವುದು ವ್ಯವಹಾರಕ್ಕೆ ಒಗ್ಗದ ಮಾತು. ಆದರೆ ಫೋಟೊ ತೆಗೆಯುವ ಮೊದಲು ಹೆಸರಿನ ಭಾಗವನ್ನು ಬೆರಳಿನಿಂದ ಮುಚ್ಚಲು ಒಂದು ಕ್ಷಣ ಸಾಕು. ಫೋಟೊಗಳು ತಾವಾಗಿಯೇ ಮೊಬೈಲಿನ ಗ್ಯಾಲರಿಗೆ ಸೇರದಂತೆ ಮಾಡುವುದು, ಊರು ಬಿಟ್ಟ ಇಂಟರ್ನ್‌ಗಳನ್ನು ಗುಂಪಿನಿಂದ ಅಂದೇ ತೆಗೆಯುವುದು, 'ಆಸ್ಪತ್ರೆ ಕ್ರಿಕೆಟ್ ತಂಡ' ಮತ್ತು 'ಐಸಿಯು ಡ್ಯೂಟಿ' ಎಂಬ ಗುಂಪುಗಳ ಹೆಸರು ಒಂದರ ಕೆಳಗೊಂದು ಇದ್ದಾಗ ಎರಡು ಸಲ ನೋಡಿ ಕಳುಹಿಸುವುದು, ಇವು ಸಣ್ಣ ಅಭ್ಯಾಸಗಳೇ. ವಿಳಾಸದ ಸಾಲಿನಲ್ಲಾಗುವ ತಪ್ಪು ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಲಂಡನ್ನಿನ ಒಂದು ಉದಾಹರಣೆಯಿದೆ. 2015ರಲ್ಲಿ ಅಲ್ಲಿನ 56 ಡೀನ್ ಸ್ಟ್ರೀಟ್ ಎಂಬ ಲೈಂಗಿಕ ಆರೋಗ್ಯ ಕೇಂದ್ರ ತನ್ನ ಸುದ್ದಿಪತ್ರವನ್ನು ಇಮೇಲಿನಲ್ಲಿ ಕಳುಹಿಸುವಾಗ 781 ಮಂದಿಯ ವಿಳಾಸಗಳನ್ನು ಎಲ್ಲರಿಗೂ ಕಾಣುವ ಸಾಲಿನಲ್ಲಿ ಹಾಕಿತು. ಪಡೆದವರಲ್ಲಿ ಹೆಚ್ಚಿನವರು ಎಚ್‌ಐವಿ ಸೋಂಕಿತರು. ಒಬ್ಬರ ಹೆಸರು ಇನ್ನೊಬ್ಬರಿಗೆಲ್ಲ ಕಂಡಿತು. ಮರುವರ್ಷ ಬ್ರಿಟನ್ನಿನ ಮಾಹಿತಿ ಆಯುಕ್ತರು ಆ ಕೇಂದ್ರವನ್ನು ನಡೆಸುವ ಸಂಸ್ಥೆಗೆ 1,80,000 ಪೌಂಡ್ ದಂಡ ಹಾಕಿದರು. ನನ್ನನ್ನು ಹೆಚ್ಚು ಕಾಡುವುದು ದಂಡದ ಮೊತ್ತವಲ್ಲ. ಇದೇ ಸಂಸ್ಥೆಯಲ್ಲಿ 2010ರಲ್ಲಿ 17 ಮಂದಿಯ ವಿಷಯದಲ್ಲಿ ಇದೇ ಬಗೆಯ ತಪ್ಪು ಆಗಿತ್ತೆಂಬುದು ತನಿಖೆಯಲ್ಲಿ ಗೊತ್ತಾಯಿತು. ಸಣ್ಣ ತಪ್ಪಿನಿಂದ ಕಲಿಯಬೇಕಾದದ್ದನ್ನು ಸಿಬ್ಬಂದಿಗೆಲ್ಲ ಕಲಿಸಿರಲಿಲ್ಲ.

ಹೇಳಲೇಬೇಕಾದಾಗ

ಗೌಪ್ಯತೆಯೆಂದರೆ ಬಾಯಿಗೆ ಬೀಗವಲ್ಲ. ಕ್ಷಯರೋಗವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಅಪಘಾತ, ವಿಷಪ್ರಾಶನ, ಹಲ್ಲೆಯಂಥ ಪ್ರಕರಣಗಳಲ್ಲಿ ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣವೆಂಬ ದಾಖಲೆ, ಮಾಡಿ ಪೊಲೀಸರಿಗೆ ಸೂಚನೆ ಕೊಡಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡದಿರುವುದೇ ಅಪರಾಧ. ಇಲ್ಲೆಲ್ಲ ಗಮನಿಸಬೇಕಾದದ್ದು, ಅಧಿಕಾರವಿರುವ ಒಬ್ಬರಿಗೆ, ಬೇಕಾದಷ್ಟನ್ನು ಮಾತ್ರ ಹೇಳುವುದಕ್ಕೂ ಬೀದಿಗೆ ಹೇಳುವುದಕ್ಕೂ ಇರುವ ವ್ಯತ್ಯಾಸ. ಗರ್ಭಪಾತದ ವಿಷಯದಲ್ಲಿ ಅದರ ಕಾಯ್ದೆಗೆ ಬಂದ 2021ರ ತಿದ್ದುಪಡಿ ಇನ್ನಷ್ಟು ಬಿಗಿಯಾಗಿದೆ: ಆ ಮಹಿಳೆಯ ಹೆಸರು, ವಿವರಗಳನ್ನು ಕಾನೂನು ಅಧಿಕಾರ ಕೊಟ್ಟವರಿಗಲ್ಲದೆ ಬೇರೆಯವರಿಗೆ ಹೇಳಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆ ಆಗಬಹುದು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪರಸ್ಪರ ಒಪ್ಪಿಗೆಯ ಸಂಬಂಧದಿಂದ ಗರ್ಭಿಣಿಯಾದ ಅಪ್ರಾಪ್ತೆಯೂ ಪೋಷಕರೂ ಕೋರಿದರೆ, ಪೋಕ್ಸೊ ವರದಿಯಲ್ಲಿ ಅವಳ ಗುರುತನ್ನು ವೈದ್ಯರು ಹೇಳಬೇಕಾಗಿಲ್ಲ ಎಂದಿತು.

ಎಚ್‌ಐವಿಯ ವಿಷಯದಲ್ಲಿ ನಮ್ಮ ಕಾನೂನು ನಡೆದು ಬಂದ ದಾರಿ ಸೂಕ್ಷ್ಮವಾದದ್ದು. 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ ರಕ್ತದಾನಕ್ಕೆ ಹೋದ ವ್ಯಕ್ತಿಗೆ ಸೋಂಕಿರುವುದು ಆಸ್ಪತ್ರೆಯಿಂದ ಹೊರಬಿದ್ದು, ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ಮದುವೆಯಾಗಲಿದ್ದ ಹೆಣ್ಣಿನ ಆರೋಗ್ಯದ ಹಕ್ಕು ಅವನ ಗೌಪ್ಯತೆಯ ಹಕ್ಕಿಗಿಂತ ಮೇಲೆಂದು ನ್ಯಾಯಾಲಯ ಹೇಳಿತು. ಆದರೆ ಯಾರು, ಯಾವಾಗ, ಹೇಗೆ ಹೇಳಬೇಕು ಎಂಬುದಕ್ಕೆ ಕ್ರಮವೊಂದು ಸಿಕ್ಕಿದ್ದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಲ್ಲಿ. ಸಂಗಾತಿಗೆ ತಿಳಿಸುವ ಅಧಿಕಾರ ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಮಾತ್ರ. ಅದೂ ಸೋಂಕಿತರಿಗೆ ತಾವೇ ಹೇಳುವಂತೆ ಸಲಹೆ ಕೊಟ್ಟು, ಅವರು ಹೇಳುವುದಿಲ್ಲವೆಂದು ಖಚಿತವಾಗಿ, ತಾವು ಹೇಳಲಿರುವುದನ್ನು ಅವರಿಗೆ ಮೊದಲೇ ತಿಳಿಸಿದ ಮೇಲೆ. ಸೋಂಕಿತರು ಹೆಂಗಸಾಗಿದ್ದು, ಹೇಳಿದ್ದರಿಂದ ಅವರಿಗೆ ಹಿಂಸೆಯೋ ಮನೆಯಿಂದ ಹೊರಹಾಕುವುದೋ ಎದುರಾಗಬಹುದೆಂಬ ಭಯವಿದ್ದರೆ ಸಂಗಾತಿಗೆ ಹೇಳುವಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅದೇ ವರ್ಷದ್ದು; ಚಿಕಿತ್ಸೆಯಲ್ಲಿರುವವರ ಚಿತ್ರವನ್ನಾಗಲಿ ವಿವರವನ್ನಾಗಲಿ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡುವಂತಿಲ್ಲ ಎನ್ನುತ್ತದೆ ಅದು.

ಮೊದಲ ಗಂಟೆ

ಈಗ ತಪ್ಪು ನಡೆದುಹೋಗಿದೆ ಎಂದಿಟ್ಟುಕೊಳ್ಳೋಣ. ಲ್ಯಾಬಿನ ಹುಡುಗನೊಬ್ಬ ಬೆಳಿಗ್ಗೆ ಹತ್ತೂಕಾಲಕ್ಕೆ ಒಬ್ಬರ ಹೆಪಟೈಟಿಸ್ ಬಿ ವರದಿಯನ್ನು ಅದೇ ಹೆಸರಿನ ಇನ್ನೊಬ್ಬರ ಮೊಬೈಲಿಗೆ ಕಳುಹಿಸಿದ. ಐದು ನಿಮಿಷದಲ್ಲಿ ಅವನಿಗೇ ಗೊತ್ತಾಯಿತು. ಅವನ ಮನಸ್ಸಿಗೆ ಮೊದಲು ಬರುವುದು ಅಳಿಸಿಬಿಡುವ ಯೋಚನೆ. ಅಳಿಸಬೇಕು ನಿಜ, ಆದರೆ ಅದಕ್ಕೆ ಮೊದಲು ಯಾವ ಸಂಖ್ಯೆಗೆ, ಯಾವ ಕಡತ, ಎಷ್ಟು ಹೊತ್ತಿಗೆ ಹೋಯಿತು, ಆ ಕಡೆ ತೆರೆದು ನೋಡಿದ್ದರ ಗುರುತಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಬರೆದಿಡದೆ ಅಳಿಸಿದರೆ ಏನಾಯಿತೆಂದು ರೋಗಿಗೆ ಹೇಳಲು ಯಾರಿಗೂ ಆಗುವುದಿಲ್ಲ, ನಂತರ ಅದು ಮುಚ್ಚಿಹಾಕಿದಂತೆಯೂ ಕಾಣುತ್ತದೆ. ಬಳಿಕ ಲ್ಯಾಬಿನ ಮುಖ್ಯಸ್ಥರಿಗೂ, ಮಾಹಿತಿ ರಕ್ಷಣೆಗೆ ಹೊಣೆಯಾದವರಿಗೂ ಕೂಡಲೇ ತಿಳಿಸಬೇಕು. ವರದಿ ತಲುಪಿದ ವ್ಯಕ್ತಿಗೆ ಜವಾಬ್ದಾರಿಯುಳ್ಳವರೊಬ್ಬರು ಫೋನ್ ಮಾಡಿ, ನಮ್ಮಿಂದ ತಪ್ಪಾಗಿ ಬಂದಿದೆ, ದಯವಿಟ್ಟು ಅಳಿಸಿ, ಯಾರಿಗಾದರೂ ಕಳುಹಿಸಿದ್ದರೆ ಹೇಳಿ ಎಂದು ವಿನಯದಿಂದ ಕೇಳಬೇಕು. ಬೆದರಿಕೆಯ ದನಿ ಕೂಡದು. ಆ ವ್ಯಕ್ತಿಗೆ ತನ್ನದೇ ವರದಿ ಎಲ್ಲಿ ಹೋಯಿತೋ ಎಂಬ ಆತಂಕವೂ ಇರುತ್ತದೆ, ಬೇರೆಯವರ ವರದಿಯನ್ನು ತನ್ನದೆಂದೇ ನಂಬಿ ಕಂಗಾಲಾಗಿರಲೂಬಹುದು.

ಆಮೇಲೆ ತೂಗಿ ನೋಡುವ ಕೆಲಸ. ಸೋರಿದ್ದು ಸಕ್ಕರೆಯ ಪ್ರಮಾಣವೋ, ಎಚ್‌ಐವಿಯೋ, ಗರ್ಭವೋ? ತಲುಪಿದ್ದು ಗೌಪ್ಯತೆಯ ಕರ್ತವ್ಯವಿರುವ ಇನ್ನೊಬ್ಬ ವೈದ್ಯರಿಗೋ, ಅಪರಿಚಿತರಿಗೋ, ರೋಗಿಯ ಓಣಿಯವರಿಗೋ? ಅಪರಿಚಿತರಿಗಿಂತ ಪರಿಚಿತರಿಗೆ ತಲುಪಿದಾಗಲೇ ಹಾನಿ ಹೆಚ್ಚೆಂಬುದು ನನ್ನ ಅನುಭವ. ಮೊದಲು ಹೇಳಿದ ಹುಡುಗಿಯ ವರದಿ ಬೀದರಿನ ಯಾರೋ ಗುರುತಿಲ್ಲದವರಿಗೆ ಹೋಗಿದ್ದರೆ ಅವಳ ಓದು ನಿಲ್ಲುತ್ತಿರಲಿಲ್ಲ. ಹಾನಿ ದೊಡ್ಡದಿರಲಿ, ಸಣ್ಣದಿರಲಿ, ರೋಗಿಗೆ ಹೇಳಬೇಕು. ತಪ್ಪು ಮಾಡಿದ ಹುಡುಗನ ಕೈಯಲ್ಲಿ ಹೇಳಿಸುವುದಾಗಲಿ, ಮೆಸೇಜು ಕಳುಹಿಸಿ ಮುಗಿಸುವುದಾಗಲಿ ಬೇಡ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಚಿಕಿತ್ಸೆ ಮಾಡುತ್ತಿರುವ ವೈದ್ಯರೋ ಹಿರಿಯ ಅಧಿಕಾರಿಯೋ ಎದುರು ಕುಳಿತು ಹೇಳುವ ಮಾತು ಹೀಗಿರಬಹುದು: 'ಅಮ್ಮಾ, ನಿಮ್ಮ ರಕ್ತ ಪರೀಕ್ಷೆಯ ವರದಿ ಇವತ್ತು ಬೆಳಿಗ್ಗೆ ಹತ್ತೂಕಾಲಕ್ಕೆ ನಮ್ಮ ತಪ್ಪಿನಿಂದ ಬೇರೊಬ್ಬರ ಮೊಬೈಲಿಗೆ ಹೋಗಿದೆ. ಅದರಲ್ಲಿ ನಿಮ್ಮ ಹೆಸರು, ವಯಸ್ಸು, ಪರೀಕ್ಷೆಯ ಫಲಿತಾಂಶ ಇತ್ತು. ನಾವು ಅವರ ಜೊತೆ ಮಾತನಾಡಿದ್ದೇವೆ, ಅಳಿಸಿದ್ದೇವೆಂದು ಹೇಳಿದ್ದಾರೆ. ಆದರೆ ಅವರು ನೋಡಿಲ್ಲವೆಂದು ನಾನು ಹೇಳಲಾರೆ. ಇದು ನಮ್ಮ ತಪ್ಪು, ಕ್ಷಮಿಸಿ. ಇದರಿಂದ ನಿಮಗೆ ಏನಾದರೂ ತೊಂದರೆ ಆಗಬಹುದೆಂಬ ಭಯವಿದ್ದರೆ ಹೇಳಿ, ನಾವೇನು ಮಾಡಬಹುದೋ ನೋಡೋಣ.' ಇಲ್ಲಿ ನಡೆದದ್ದೇನು, ಗೊತ್ತಿಲ್ಲದ್ದೇನು ಎರಡೂ ಇವೆ. 'ತಾಂತ್ರಿಕ ದೋಷ' ಎಂಬ ಅಡ್ಡಮಾತು ಇಲ್ಲ. ಕೊನೆಯ ಪ್ರಶ್ನೆಯನ್ನು ಬಿಡಬಾರದು, ಏಕೆಂದರೆ ಯಾವ ಮನೆಯಲ್ಲಿ ಯಾವ ಮಾತು ಬೆಂಕಿಯಾಗುತ್ತದೆಂದು ಆಸ್ಪತ್ರೆಗೆ ಗೊತ್ತಿರುವುದಿಲ್ಲ, ರೋಗಿಗೆ ಗೊತ್ತಿರುತ್ತದೆ.

ಲ್ಯಾಬಿನ ಹುಡುಗನ ಗತಿಯೇನು? ಅವನನ್ನು ಎಲ್ಲರೆದುರು ಬೈದು, ಸಂಬಳ ಹಿಡಿದರೆ, ಮುಂದಿನ ಸಲ ಅವನೂ ಅವನನ್ನು ನೋಡಿದ ಇತರರೂ ಸುಮ್ಮನೆ ಅಳಿಸಿ ಮರೆಯುತ್ತಾರೆ. ರೋಗಿಗೆ ತಿಳಿಯುವುದು ನೆರೆಮನೆಯವರ ಬಾಯಿಂದ. ಕುತೂಹಲಕ್ಕೋ ಹಣಕ್ಕೋ ಕೇಸ್ ಶೀಟು ತೆರೆದವನನ್ನು ಶಿಕ್ಷಿಸಲೇಬೇಕು, ಅವಸರದಲ್ಲಿ ತಪ್ಪಿ ತಾನೇ ಬಂದು ಹೇಳಿದವನನ್ನು ಕಾಪಾಡಬೇಕು. 2012ರ ಡಿಸೆಂಬರ್‌ನಲ್ಲಿ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಆಸ್ಟ್ರೇಲಿಯದ ರೇಡಿಯೊ ನಿರೂಪಕರಿಬ್ಬರು ರಾಣಿಯೂ ರಾಜಕುಮಾರ ಚಾರ್ಲ್ಸೂ ತಾವೇ ಎಂದು ನಟಿಸಿ ಫೋನ್ ಮಾಡಿ, ಅಲ್ಲಿ ದಾಖಲಾಗಿದ್ದ ರಾಜಮನೆತನದ ಗರ್ಭಿಣಿ ಸೊಸೆಯ ಸ್ಥಿತಿಯನ್ನು ಕೇಳಿ ತಿಳಿದು ಅದನ್ನು ಪ್ರಸಾರ ಮಾಡಿದರು. ಮುಂಜಾನೆಯ ಆ ಕರೆಯನ್ನು ಎತ್ತಿ ವಾರ್ಡಿಗೆ ದಾಟಿಸಿದವರು ನಮ್ಮ ಕರಾವಳಿ ಮೂಲದ ನರ್ಸ್. ಮೂರು ದಿನಗಳ ನಂತರ ಅವರು ಪ್ರಾಣ ಕಳೆದುಕೊಂಡರು. ಹೊರಗಿನ ಕರೆಗೆ ಉತ್ತರಿಸುವ ಹೊಣೆ ಆ ಹೊತ್ತಿನಲ್ಲಿ ವಾರ್ಡಿನ ನರ್ಸಿನ ಮೇಲೆ ಏಕೆ ಬಿತ್ತು, ಫೋನಿನಲ್ಲಿ ಕೇಳಿದವರು ಯಾರೆಂದು ಖಚಿತಪಡಿಸಿಕೊಳ್ಳುವ ಕ್ರಮ ಏನಿತ್ತು ಎಂಬ ಪ್ರಶ್ನೆಗಳನ್ನು ಸಂಸ್ಥೆಗಳು ಮೊದಲೇ ಕೇಳಿಕೊಳ್ಳಬೇಕು. ಫೋನಿನಲ್ಲಿ ಬಂದ ದನಿಗೆ ಮಾಹಿತಿ ಕೊಡಬಾರದು. ದಾಖಲೆಯಲ್ಲಿರುವ ಸಂಖ್ಯೆಗೆ ನಾವೇ ತಿರುಗಿ ಕರೆ ಮಾಡಬೇಕು. ಈ ಒಂದು ನಿಯಮ ಗೋಡೆಯ ಮೇಲಿದ್ದರೆ, 'ಕ್ಷಮಿಸಿ, ನಮ್ಮಲ್ಲಿ ಹೀಗೇ ಮಾಡುವುದು' ಎಂದು ಹೇಳಲು ಎಳೆಯ ನರ್ಸಿಗೂ ಧೈರ್ಯ ಬರುತ್ತದೆ.

ಕಾನೂನಿನ ಗಡಿಯಾರ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಉಲ್ಲಂಘನೆಯನ್ನು ವಿವರಿಸುವಾಗ 'ಆಕಸ್ಮಿಕವಾಗಿ ಹೊರಬೀಳುವುದು' ಎಂಬುದನ್ನೂ ಸೇರಿಸಿಕೊಂಡಿದೆ. ಅಂದರೆ ಉದ್ದೇಶವಿರಲಿಲ್ಲ ಎಂಬುದು ಹೊಣೆಯಿಂದ ಪಾರಾಗುವ ಬಾಗಿಲಲ್ಲ. ಸಾಕಷ್ಟು ರಕ್ಷಣೆ ಇಡದಿದ್ದಕ್ಕೆ 250 ಕೋಟಿ ರೂಪಾಯಿಯವರೆಗೆ, ಉಲ್ಲಂಘನೆಯನ್ನು ತಿಳಿಸದಿದ್ದಕ್ಕೆ 200 ಕೋಟಿಯವರೆಗೆ ದಂಡವಿದೆ. ಮುಚ್ಚಿಡುವುದನ್ನೇ ಕಾಯ್ದೆ ಪ್ರತ್ಯೇಕ ತಪ್ಪಾಗಿ ಎಣಿಸಿರುವುದು ನನಗೆ ಬಹಳ ಸರಿಯೆನಿಸುತ್ತದೆ. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳ ಪ್ರಕಾರ ಬಾಧಿತರಿಗೆ ತಡಮಾಡದೆ ತಿಳಿಸಬೇಕು, ದತ್ತಾಂಶ ಸಂರಕ್ಷಣಾ ಮಂಡಳಿಗೆ ಕೂಡಲೇ ಸೂಚನೆ ಕೊಟ್ಟು 72 ಗಂಟೆಯೊಳಗೆ ಪೂರ್ತಿ ವಿವರ ಒಪ್ಪಿಸಬೇಕು. ಈ ಕಟ್ಟುಪಾಡುಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಅವಕಾಶವಿದೆ. ಸಿದ್ಧವಾಗಲು ಆಸ್ಪತ್ರೆಗಳಿಗೆ ಇರುವ ಕಾಲ ಅಷ್ಟೆ. ಸೈಬರ್ ದಾಳಿಯಾದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿರ್ದೇಶನ 2022ರಿಂದಲೇ ಇದೆ. ಡಿಜಿಟಲ್ ಕಾಯ್ದೆ ಕಡಲೆಕಾಯಿ ಪೊಟ್ಟಣದ ಕಾಗದಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ವೃತ್ತಿಯ ನಿಯಮವೂ ಗ್ರಾಹಕ ಕಾನೂನೂ ಕೈಗೆ ಬರುತ್ತವೆ.

ರೋಗಿಗಳಿಗೂ ಕೆಲವು ಮಾತು. ಪ್ರತಿ ಸಲ ನೋಂದಣಿಯಲ್ಲಿ ಯಾವ ಮೊಬೈಲ್ ಸಂಖ್ಯೆಯಿದೆ ಎಂದು ಕೇಳಿ, ವರದಿ ಮೊಬೈಲಿಗೆ ಬೇಡವಾದರೆ ಕೈಗೇ ಕೊಡಿ ಎನ್ನಿ. ನಿಮ್ಮ ದಾಖಲೆಗಳ ಪ್ರತಿಯನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬುದು 2002ರ ನಿಯಮಗಳಲ್ಲೇ ಇದೆ. ಗುಟ್ಟು ಹೊರಬಿದ್ದರೆ ಮೊದಲು ಆಸ್ಪತ್ರೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ನಡವಳಿಕೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಸೇವೆಯ ಲೋಪ ಗ್ರಾಹಕರ ಆಯೋಗಕ್ಕೆ. ದೂರು ಕೊಟ್ಟರೆ ಉಳಿದವರಿಗೂ ಗೊತ್ತಾಗುತ್ತದೆಂಬ ಭಯದಿಂದ ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ಆ ಭಯ ಸಹಜವಾದದ್ದೇ. ಎಚ್‌ಐವಿ ಕಾಯ್ದೆಯಲ್ಲಿ ಅದಕ್ಕೊಂದು ಉತ್ತರವಿದೆ: ಸೋಂಕಿತರು ಅರ್ಜಿ ಕೊಟ್ಟರೆ ನ್ಯಾಯಾಲಯವು ಅವರ ಗುರುತನ್ನು ಮರೆಮಾಡಿ, ಮುಚ್ಚಿದ ಕೋಣೆಯಲ್ಲಿ ವಿಚಾರಣೆ ನಡೆಸಿ, ಅವರ ಗುರುತು ಹತ್ತುವಂಥ ಯಾವುದನ್ನೂ ಯಾರೂ ಪ್ರಕಟಿಸದಂತೆ ಆದೇಶ ಮಾಡಬಹುದು.